ಪೋಲಿಯೊ ಹೋಯ್ತು, ಕಾಲು ಉಳಿದಿದೆ

ಪೋಲಿಯೊ ಅಂದ್ರೆ ನಮ್ಮ ಬ್ಯಾಚಿನವರಿಗೆ ಬಾಯಿಗೆ ಬಿದ್ದ ಎರಡು ಹನಿ, ಅಷ್ಟೇ. ವೈಲ್ಡ್ ಪೋಲಿಯೊದ ಕೊನೆಯ ಕೇಸು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರಲ್ಲಿ ದೇಶಕ್ಕೆ ಪೋಲಿಯೊಮುಕ್ತ ಅಂತ ಸರ್ಟಿಫಿಕೇಟೂ ಬಂತು. ಆದರೆ ಮೊದಲೇ ಪೋಲಿಯೊ ಬಂದವರು ಇದ್ದಾರಲ್ಲ, ಅವರಿಗೆ ಈಗ ವಯಸ್ಸಾಗ್ತಿದೆ. ಬೀಳ್ತಾರೆ, ಕಾಲು ಮುರೀತಾರೆ.

ಆ ಮೂಳೆ ಬೇರೆಯವರ ಮೂಳೆಯಂತಲ್ಲ. ಸ್ನಾಯುವಿನ ಎಳೆತ ಸಿಗದೆ ಚಿಕ್ಕಂದಿನಿಂದಲೇ ಸಣ್ಣಗೆ, ದುರ್ಬಲವಾಗಿ ಬೆಳೆದಿರುತ್ತೆ. ಒಳಗಿನ ಟೊಳ್ಳು ಕಿರಿದಾಗಿದ್ರೆ ಮಾಮೂಲಿ ಸೈಜಿನ ರಾಡ್ ಹೋಗೋದೇ ಇಲ್ಲ. ಪ್ಲೇಟ್ ಹಾಕಿದರೆ ಸ್ಕ್ರೂಗೆ ಹಿಡಿತ ಸಾಲದು. ಅದಕ್ಕೇ ಸ್ಕ್ರೂ ತಲೆಯಲ್ಲೂ ಥ್ರೆಡ್ ಇದ್ದು ಪ್ಲೇಟಿಗೇ ಕಚ್ಚಿಕೊಳ್ಳುವ ಲಾಕಿಂಗ್ ಪ್ಲೇಟ್ ಬಳಸ್ತಾರೆ. ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸಿದರೆ ಉಳಿದ ಬಲವೂ ಹೋಗುತ್ತೆ.

ನಮಗೆ ಬೆರಗಾಗಿದ್ದು ಮಂಡಿಯ ವಿಚಾರ. ತೊಡೆಯ ಸ್ನಾಯುವಿಗೆ ಬಲ ಇಲ್ಲದ ಕೆಲವರ ಮಂಡಿ ತುಸು ಹಿಂದಕ್ಕೆ ಬಾಗಿರುತ್ತೆ. ನಿಂತಾಗ ದೇಹದ ಭಾರ ಮಂಡಿಯ ಮುಂದಿನಿಂದ ಹಾದು, ಕೀಲು ತಾನಾಗೇ ಲಾಕ್ ಆಗುತ್ತೆ. ಫಸ್ಟ್ ಇಯರ್ ಮೆಕ್ಯಾನಿಕ್ಸಿನ ಮೊಮೆಂಟ್ ಲೆಕ್ಕ! ಮೂಳೆ ಕೂಡಿಸುವಾಗ ಆ ಬಾಗನ್ನು 'ಸರಿ' ಮಾಡಿದರೆ ಎಕ್ಸ್-ರೇ ಚೆಂದ ಬರುತ್ತೆ, ಮನುಷ್ಯ ಕುಸೀತಾನೆ.

ಅದಕ್ಕೇ 'ಬೀಳೋಕೆ ಮುಂಚೆ ಹೇಗೆ ನಡೀತಿದ್ರಿ?' ಅಂತ ಮೊದಲು ಕೇಳಬೇಕು ಅಂತೀವಿ. ಡಾಕ್ಟರು ಮಾತ್ರ ಅಲ್ಲ, ನಾವೂ. ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬಾಟ್ ಮಾಡ್ತೀವಲ್ಲ, ಒಂದು ಟೀಮಾದ್ರೂ ಆಪರೇಷನ್ ಆದ ಕಾಲಿಗೆ ಹೊಂದುವ ಹಗುರ ಕ್ಯಾಲಿಪರ್ ಯಾಕೆ ಮಾಡಬಾರದು? ಮಿನಿ ಪ್ರಾಜೆಕ್ಟ್ ಟೈಟಲ್ ಕೊಡೋಕೆ ಇನ್ನೂ ಟೈಮಿದೆ.