ಹೊಲಿಗೆ ಹಾಕಿದ್ದೀರಿ, ಚೀಟಿ ಕನ್ನಡದಲ್ಲಿ ಕೊಡಿ!

ಗೆಳೆಯರೇ, ಆಪರೇಷನ್ನಿನ ಅಪಾಯ ಥಿಯೇಟರಿನ ಬಾಗಿಲಿಗೇ ಮುಗಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಕೊಟ್ಟಿತು. ರೋಗಿ ಇವರೇನಾ, ಕೊಯ್ಯುವ ಜಾಗ ಇದೇನಾ, ಸೂಜಿ-ಬಟ್ಟೆ ಲೆಕ್ಕ ಸರಿಯಾ ಎಂದು ಕೇಳುವ ಪಟ್ಟಿ. ದೆಹಲಿಯೂ ಸೇರಿ 8 ನಗರಗಳಲ್ಲಿ ಬಳಸಿ ನೋಡಿದರು, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. ಬರೀ ಒಂದು ಹಾಳೆ ಕಾಗದ!

ಮನೆಗೆ ಬಂದ ಮೇಲೆ? ಗಾಯಕ್ಕೆ ನಂಜು ಏರುವುದು ಎಷ್ಟೋ ಸಲ ಆಮೇಲೆಯೇ. ಕೀವು, ಜ್ವರ ಕಂಡರೆ ತಕ್ಷಣ ಬನ್ನಿ ಎಂಬ ಮಾತನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದರೆ ನಮ್ಮ ತಾಯಂದಿರು ಓದುವುದು ಹೇಗೆ? ಪ್ರೆಸ್ ನಡೆಸುವವನು ಹೇಳುತ್ತೇನೆ ಕೇಳಿ: ಕನ್ನಡಕ್ಕೂ ಅದೇ ಕಾಗದ, ಅದೇ ಮಸಿ, ಅದೇ ದರ. ಮನೆಯವರನ್ನು ಕರೆತರುವ ದಿನ ಕನ್ನಡದ ಚೀಟಿ ಕೇಳಿ. ಕೊಡುವ ತನಕ ಕೌಂಟರ್ ಬಿಟ್ಟು ಕದಲಬೇಡಿ.