ಹಂಚಿನ ಮನೆಯ ಶಾಲೆ ಮತ್ತು ಮೂಡಾದ ನಕ್ಷೆ

ನಾನು ನಾಲ್ಕನೇ ತರಗತಿಯವರೆಗೆ ಕಲಿತದ್ದು ಒಂದು ಹಂಚಿನ ಮನೆಯಲ್ಲಿ. ಚಾವಡಿಯಲ್ಲಿ ಎರಡು ತರಗತಿ, ನಡುವೆ ಗೋಡೆಯ ಬದಲು ಒಂದು ಕಪಾಟು. ಅಡುಗೆಕೋಣೆಯೇ ಟೀಚರ್‌ಗಳ ಕೋಣೆ. ಆ ಶಾಲೆ ಈಗಿಲ್ಲ. ವಾಸಕ್ಕೆಂದು ಪರವಾನಗಿ ಪಡೆದ ಮನೆಯಲ್ಲಿ ಶಾಲೆ ನಡೆಸುತ್ತಿದ್ದಾರೆ, ಬೆಳಿಗ್ಗೆ ರಿಕ್ಷಾ ಮತ್ತು ವ್ಯಾನ್‌ಗಳ ಸಾಲಿನಿಂದ ನಮ್ಮ ಗೇಟು ತೆರೆಯಲಾಗುತ್ತಿಲ್ಲ ಎಂದು ನೆರೆಯವರು ದೂರು ಕೊಟ್ಟಿದ್ದರು. ದೂರು ಸುಳ್ಳಾಗಿರಲಿಲ್ಲ. ಶಾಲೆ ಮುಚ್ಚಿದ ವರ್ಷ ನಮ್ಮ ಓಣಿಯ ಇಬ್ಬರು ಹುಡುಗಿಯರು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದದ್ದೂ ಸುಳ್ಳಲ್ಲ. ದೂರದ ಶಾಲೆಗೆ ಬಸ್ಸಿನಲ್ಲಿ ಕಳಿಸಲು ಅವರ ಉಮ್ಮನಿಗೆ ಧೈರ್ಯ ಬರಲಿಲ್ಲ.

ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಶಾಲೆ ಎಂಬುದನ್ನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಮಾಡುವ ಮಹಾಯೋಜನೆ ತೀರ್ಮಾನಿಸುತ್ತದೆ. ನಮ್ಮಲ್ಲಿ ಅದು ಮೂಡಾದ ಕೆಲಸ. ನಕ್ಷೆಯಲ್ಲಿ ಹಳದಿ ಬಣ್ಣ ವಸತಿಗೆ, ನೀಲಿ ವ್ಯಾಪಾರಕ್ಕೆ, ಕೆಂಪು ಸಾರ್ವಜನಿಕ ಉಪಯೋಗಕ್ಕೆ. ಅದರ ಮೇಲೆ ಸೆಟ್‌ಬ್ಯಾಕ್, ರಸ್ತೆಯ ಅಗಲ, ಪಾರ್ಕಿಂಗ್ ನಿಯಮಗಳು. ಶಾಲೆಗೆ ಮಾನ್ಯತೆ ಬೇಕಾದರೆ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆಯ ಪತ್ರಗಳನ್ನೂ ಇಡಬೇಕು.

ನಮ್ಮ ಸಮುದಾಯದಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಸಂವಿಧಾನದ 30ನೇ ವಿಧಿಯನ್ನು ಎತ್ತುತ್ತಾರೆ. ಅಲ್ಪಸಂಖ್ಯಾತರು ತಮಗಿಷ್ಟವಾದ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ನಡೆಸಬಹುದು ಎಂಬ ಹಕ್ಕು ಅದು. ನನಗೂ ಆ ಹಕ್ಕಿನ ಬಗ್ಗೆ ಹೆಮ್ಮೆಯಿದೆ, ಈ ಕಾಲೇಜು ನಡೆಯುತ್ತಿರುವುದೇ ಅದರ ಬಲದಿಂದ. ಆದರೆ ಮೆಟ್ಟಿಲಿನ ಅಗಲದ ಪ್ರಶ್ನೆಗೆ ಅದು ಉತ್ತರವಲ್ಲ. ಆಡಳಿತದ ಹಕ್ಕು ಎಂದರೆ ದುರಾಡಳಿತದ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿತ್ತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ (ಇದು ಹೊರಟದ್ದು ನಮ್ಮ ಪಕ್ಕದ ಮಣಿಪಾಲದಿಂದ) 11 ನ್ಯಾಯಾಧೀಶರ ಪೀಠ, ನೆಲದ ಸಾಮಾನ್ಯ ಕಾನೂನುಗಳು ಬಹುಸಂಖ್ಯಾತರ ಸಂಸ್ಥೆಗಳಿಗೂ ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ಒಂದೇ ಸಮ ಎಂದಿತು.

ಕುಂಭಕೋಣವನ್ನು ಮರೆಯುವ ಹಾಗಿಲ್ಲ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಇಕ್ಕಟ್ಟಿನ ಕಟ್ಟಡ, ಕಿರಿದಾದ ಮೆಟ್ಟಿಲು. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದರ ನಂತರ. ನನ್ನ ಹಂಚಿನ ಮನೆಗೂ ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಆಗ ನಮಗೆ ಅದು ಹೊಳೆದಿರಲಿಲ್ಲ.

ಹಾಗಾದರೆ ಆ ಶಾಲೆ ಮುಚ್ಚಿದ್ದು ಸರಿಯೇ? ಎರಡನೇ ಬಾಗಿಲು ಇಡಿಸಿದ್ದರೆ, ವ್ಯಾನ್‌ಗಳನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಮಕ್ಕಳನ್ನು ನಡೆಸಿಕೊಂಡು ಬಂದಿದ್ದರೆ ಸಾಕಿತ್ತು ಎಂದು ನನ್ನ ಅಭಿಪ್ರಾಯ. ಬೆಂಕಿ, ಬಾಗಿಲು, ಮೆಟ್ಟಿಲಿನ ವಿಷಯದಲ್ಲಿ ಒಂದಿಂಚೂ ರಿಯಾಯಿತಿ ಬೇಡ. ಆದರೆ ಸೆಟ್‌ಬ್ಯಾಕಿನ ಅಳತೆಯನ್ನು ಸಮತಟ್ಟಾದ ಊರಿಗೂ ಮಂಗಳೂರಿನ ಗುಡ್ಡಕ್ಕೂ ಒಂದೇ ರೀತಿ ಹಿಡಿದರೆ ಹೇಗೆ? ದೇರೆಬೈಲಿನಿಂದ ಕೊಂಚಾಡಿ, ಕಾವೂರಿನ ಕಡೆಗೆ ಒಮ್ಮೆ ನಡೆದು ನೋಡಿ. ಏರು, ಇಳಿಜಾರು, ಮುರಕಲ್ಲಿನ ಕಾಂಪೌಂಡು, ಒಂದು ಕಾರು ಬಂದರೆ ಇನ್ನೊಂದು ಹಿಂದೆ ಸರಿಯಬೇಕಾದ ಅಡ್ಡರಸ್ತೆ. ನಕ್ಷೆ ಬರುವ ಮೊದಲೇ ಇಲ್ಲಿ ಮನೆಗಳಿದ್ದವು. ಐದನೇ ತರಗತಿಯವರೆಗಿನ ಶಾಲೆ 1 ಕಿ.ಮೀ. ಒಳಗೆ ಇರಬೇಕೆಂದು ರಾಜ್ಯದ ಆರ್‌ಟಿಇ ನಿಯಮ ಹೇಳುತ್ತದೆ. ಮಗುವಿನ ಹತ್ತಿರ ಶಾಲೆ ಬೇಕೆನ್ನುವುದೂ ಸರಕಾರವೇ, ಮನೆಗಳ ನಡುವೆ ಶಾಲೆಗೆ ಜಾಗ ಸಿಗದಂತೆ ಮಾಡುವುದೂ ಸರಕಾರವೇ ಆದರೆ ಟ್ರಸ್ಟಿನವರು ಎಲ್ಲಿಗೆ ಹೋಗಬೇಕು? ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಡುವ ಸಿ.ಎ. ಸೈಟುಗಳನ್ನು ಪುಟ್ಟ ಶಾಲೆಗಳಿಗೆ ಮೊದಲು ಕೊಡಲಿ.

ಅಮೆರಿಕದಲ್ಲೂ ಇದೇ ಜಗಳವಿದೆ. ಅಲ್ಲಿ ಸರಕಾರದ ಹಣದಲ್ಲಿ ಖಾಸಗಿಯವರು ನಡೆಸುವುದನ್ನು ಚಾರ್ಟರ್ ಶಾಲೆ ಎನ್ನುತ್ತಾರೆ, ನಮ್ಮ ಅನುದಾನಿತ ಶಾಲೆಗಳ ದೂರದ ನೆಂಟ ಅನ್ನಿ. ವಲಯ ನಿಯಮ, ಪರವಾನಗಿಗಳಲ್ಲಿ ನಗರಗಳು ಇವನ್ನು ಉಳಿದ ಸರಕಾರಿ ಶಾಲೆಗಳಂತೆಯೇ ನೋಡಬೇಕೆಂದು ಟೆಕ್ಸಾಸ್ ರಾಜ್ಯ 2023ರಲ್ಲಿ ಕಾನೂನು ಮಾಡಿತು. ನಾವು ಕೇಳಬೇಕಾದದ್ದೂ ಅಷ್ಟೇ. ಯಾರ ಶಾಲೆ ಎಂದು ನೋಡದೆ ಎಲ್ಲರಿಗೂ ಒಂದೇ ಟೇಪು ಹಿಡಿಯಲಿ.

ಇನ್ನು ನಮ್ಮ ಕಡೆಯ ಮಾತು. ದಾರಿಯಲ್ಲಿ ತೊಡಕಾದುದನ್ನು ಸರಿಸುವುದು ಈಮಾನಿನ ಒಂದು ಭಾಗ ಎಂದು ಮದ್ರಸದಲ್ಲಿ ಕಲಿತವರು ನಾವು. ಸಂಜೆ ಕಾಲೇಜು ಬಿಟ್ಟಾಗ ನಮ್ಮ ಗೇಟಿನೆದುರು ಸ್ಕೂಟರ್‌ಗಳು ಹೇಗೆ ನಿಂತಿರುತ್ತವೆ ಎಂದು ಎಲ್ಲರಿಗೂ ಗೊತ್ತು. ಎದುರು ಮನೆಯ ಅಜ್ಜಿ ಇನ್ನೂ ದೂರು ಕೊಟ್ಟಿಲ್ಲ. ಅವರು ಕೊಡುವ ಮೊದಲು, ವಿದ್ಯಾರ್ಥಿ ಸಂಘದವರು ಸರದಿ ಹಾಕಿಕೊಂಡು ದಿನಕ್ಕೆ ಇಬ್ಬರಂತೆ ಗೇಟಿನ ಬಳಿ ನಿಲ್ಲೋಣವೇ? ಮೊದಲ ವಾರ ನಾನು ನಿಲ್ಲುತ್ತೇನೆ.