ನಾವು ಮೆಚ್ಚುವ ಚಿತ್ರಗಳು, ನಾವು ಮರೆಯುವ ಚಿತ್ರಗಳು

ಕೆಲವು ದಿನಗಳ ಹಿಂದೆ ಮಂಗಳೂರಿನ ಬಂದರು ಪ್ರದೇಶದಲ್ಲಿ ನಡೆದ ಒಂದು ಮದುವೆಗೆ ನಾವು ಹೋಗಿದ್ದೆವು. ನಿಖಾಹ್ ಮುಗಿದಿತ್ತು, ಊಟ ಇನ್ನೂ ಬಂದಿರಲಿಲ್ಲ. ಮೇಜಿನ ಸುತ್ತ ಎಂಟು ಮಂದಿ ಕುಳಿತಿದ್ದೆವು. ಮಾತು ಚಿನ್ನದ ದರದಿಂದ ಗಲ್ಫಿನ ನೌಕರಿಗೆ, ಅಲ್ಲಿಂದ ಚುನಾವಣೆಗೆ ಹೋಗಿ, ಹೇಗೋ ಏನೋ ಸಿನಿಮಾದ ಬಳಿ ಬಂದು ನಿಂತಿತು. ತಮಗೆ ಅತ್ಯಂತ ಪ್ರಿಯವಾದ ಚಿತ್ರ ಯಾವುದೆಂದು ಪ್ರತಿಯೊಬ್ಬರೂ ಹೇಳಬೇಕೆಂದು ಒಬ್ಬ ತರುಣ ಪ್ರಸ್ತಾಪಿಸಿದ.

ಧಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವ ಹಿರಿಯರೊಬ್ಬರು ಕ್ಷಣವೂ ಯೋಚಿಸದೆ 'ದೀವಾರ್' ಎಂದರು. 1975ರ ಆ ಚಿತ್ರದಲ್ಲಿ ಹಡಗುಕಟ್ಟೆಯ ಕೂಲಿ ವಿಜಯ್‌ನ 786 ಸಂಖ್ಯೆಯ ಬಿಲ್ಲೆಯನ್ನು ಅವರು ಇಂದಿಗೂ ಮರೆತಿಲ್ಲ. ನಿವೃತ್ತ ಅಧ್ಯಾಪಕರೊಬ್ಬರು 'ಗರ್ಮ್ ಹವಾ'ವನ್ನು ಹೆಸರಿಸಿದರು. ದುಬೈಯಿಂದ ರಜೆಯಲ್ಲಿ ಬಂದಿದ್ದ ಎಂಜಿನಿಯರ್‌ಗೆ 2007ರ 'ಚಕ್ ದೇ ಇಂಡಿಯಾ', ಕಾಲೇಜು ವಿದ್ಯಾರ್ಥಿಗೆ 2018ರ ಮಲಯಾಳಂ ಚಿತ್ರ 'ಸುಡಾನಿ ಫ್ರಮ್ ನೈಜೀರಿಯಾ'. ಒಬ್ಬರು 'ದಿ ಮೆಸೇಜ್' ಎಂದರು. ಇನ್ನೊಬ್ಬರು, ನಾವು ಸಿನಿಮಾ ನೋಡುವುದಿಲ್ಲ ಎಂದು ಹೇಳಿ ಮೊಬೈಲನ್ನು ಜೇಬಿಗಿಳಿಸಿದರು.

ಕೊನೆಗೆ ವರನ ಸಹೋದ್ಯೋಗಿಯಾದ ಹಿಂದೂ ಯುವಕನ ಸರದಿ ಬಂತು. ಆತ ತುಸು ಅಳುಕಿ, "ನೀವು ಬೇಸರ ಮಾಡಿಕೊಳ್ಳಬಾರದು. ಈಚೆಗೆ ನನ್ನನ್ನು ತುಂಬಾ ಕಾಡಿದ್ದು 'ದಿ ಕೇರಳ ಸ್ಟೋರಿ'" ಎಂದ.

ಮೇಜು ಸ್ತಬ್ಧವಾಯಿತು. ಮೀನಿನ ವ್ಯಾಪಾರಿಯೇ ಆ ಮೌನವನ್ನು ಮುರಿದರು. "ಯಾಕೆ ಮಗಾ, ಅದರಲ್ಲಿ ನಿನಗೆ ಏನು ಕಾಡಿತು?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮನೊಂದಿಗೆ ನೋಡಿದೆ. ಅಮ್ಮ ಅತ್ತರು. ತಂಗಿ ಕಾಲೇಜಿಗೆ ಹೋಗುತ್ತಾಳೆ, ಹಾಗಾಗಿ ಹೆದರಿಕೆಯಾಯಿತು" ಎಂದು ಆತ ಉತ್ತರಿಸಿದ. ಬಳಿಕ ತಾನಾಗಿಯೇ ಒಂದು ಪ್ರಶ್ನೆ ಕೇಳಿದ. "ಸರಿ, ಅದು ಸುಳ್ಳೆಂದೇ ಇಟ್ಟುಕೊಳ್ಳೋಣ. ನಿಮ್ಮ ಮನೆಗಳ ನಿಜವಾದ ಕಥೆ ಇರುವ, ನಮ್ಮ ಕಡೆಯ ಸಿನಿಮಾ ಯಾವುದಿದೆ? ಹೇಳಿ, ನೋಡುತ್ತೇನೆ."

ನಾವು ಪರಸ್ಪರ ಮುಖ ನೋಡಿಕೊಂಡೆವು. ಅಷ್ಟರಲ್ಲಿ ನೈಚೋರು ಬಂತು. ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದಲೇ ಈ ಬರಹ.

ಮೊದಲು ಆ ಯುವಕನ ಆಯ್ಕೆಯ ಕುರಿತು. 2023ರಲ್ಲಿ ಬಿಡುಗಡೆಯಾದ 'ದಿ ಕೇರಳ ಸ್ಟೋರಿ'ಯ ಪ್ರಚಾರ ತುಣುಕು, ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಭಯೋತ್ಪಾದಕರ ಪಾಲಾದರೆಂದು ಸಾರಿತ್ತು. ಪ್ರಶ್ನೆಗಳೆದ್ದಾಗ ಆ ಸಂಖ್ಯೆ ಮೂರಕ್ಕೆ ಇಳಿಯಿತು. ಮೂವತ್ತೆರಡು ಸಾವಿರಕ್ಕೆ ಅಧಿಕೃತ ಆಧಾರವಿಲ್ಲವೆಂಬ ಘೋಷಣೆಯನ್ನು ಚಿತ್ರದಲ್ಲಿ ಸೇರಿಸಬೇಕೆಂಬುದು 2023ರ ಮೇ 18ರಂದು ಸುಪ್ರೀಂ ಕೋರ್ಟಿನಲ್ಲಿ ನಿಶ್ಚಯವಾಯಿತು. ಇಷ್ಟಾದ ಮೇಲೂ 2025ರ ಆಗಸ್ಟ್‌ನಲ್ಲಿ ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಗೌರವ ಅದೇ ಚಿತ್ರಕ್ಕೆ ಸಂದಿತು. ಆಧಾರವಿಲ್ಲವೆಂದು ಒಪ್ಪಿಕೊಂಡ ಅಂಕಿಯ ಮೇಲೆ ಪ್ರಚಾರ ಪಡೆದ ಚಿತ್ರಕ್ಕೆ ಪ್ರಭುತ್ವವೇ ಹಾರ ಹಾಕುವಾಗ, ಒಬ್ಬ ತಾಯಿ ಅದನ್ನು ನಂಬಿ ಕಣ್ಣೀರಿಟ್ಟರೆ ದೋಷ ಆ ತಾಯಿಯದೇ? ಸುಳ್ಳನ್ನು ಹೆಣೆದವರು ಬೇರೆ, ಅದಕ್ಕೆ ಬೆದರಿದವರು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇನ್ನು ನಮ್ಮ ಪಟ್ಟಿಯನ್ನು ಪರಿಶೀಲಿಸೋಣ. 'ಗರ್ಮ್ ಹವಾ' ಮೆಚ್ಚತಕ್ಕ ಚಿತ್ರವೆಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ನಿರ್ದೇಶಿಸಿದ ಎಂ.ಎಸ್. ಸತ್ಯು ನಮ್ಮ ಮೈಸೂರಿನವರು. ದೇಶವಿಭಜನೆಯ ಬಳಿಕ ಆಗ್ರಾದಲ್ಲೇ ಉಳಿದ ಪಾದರಕ್ಷೆ ತಯಾರಕ ಸಲೀಂ ಮಿರ್ಜಾನಿಗೆ ಬ್ಯಾಂಕು ಸಾಲ ಕೊಡದು, ಹೆಸರು ಕೇಳಿದೊಡನೆ ಬಾಡಿಗೆಗೆ ಮನೆ ಸಿಗದು. ಅವನ ವೃದ್ಧೆ ತಾಯಿ ಮದುವೆಯಾಗಿ ಬಂದ ಮನೆಯನ್ನು ಬಿಡಲೊಪ್ಪದೆ ಸೌದೆಯ ಕೊಟ್ಟಿಗೆಯಲ್ಲಿ ಅಡಗಿ ಕೂರುತ್ತಾಳೆ. ಕೋಮು ಗಲಭೆಯಾದೀತೆಂಬ ಭಯದಿಂದ ಸೆನ್ಸಾರ್ ಹಲವು ತಿಂಗಳು ತಡೆಹಿಡಿದಿದ್ದ ಈ ಚಿತ್ರ ಮೊದಲು ತೆರೆ ಕಂಡುದು ಬೆಂಗಳೂರಿನಲ್ಲಿ. ಗಲಭೆಯೇನೂ ಆಗಲಿಲ್ಲ. ಬದಲಿಗೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಮಂಗಳೂರಿನಲ್ಲಿ ಬಾಡಿಗೆ ಮನೆಗಾಗಿ ಅಲೆದ ಯಾವ ಮುಸ್ಲಿಮನಿಗಾದರೂ ಸಲೀಂ ಮಿರ್ಜಾ ಅಪರಿಚಿತನಲ್ಲ.

'ಚಕ್ ದೇ ಇಂಡಿಯಾ'ದ ಕಬೀರ್ ಖಾನನೂ ಹಾಗೆಯೇ. ಪಾಕಿಸ್ತಾನದ ವಿರುದ್ಧದ ಪಂದ್ಯದಲ್ಲಿ ಒಂದು ಹೊಡೆತ ತಪ್ಪಿದ ಮಾತ್ರಕ್ಕೆ ದೇಶದ್ರೋಹಿಯೆನಿಸಿದವನು ವರ್ಷಗಳ ಬಳಿಕ ಮಹಿಳಾ ಹಾಕಿ ತಂಡವನ್ನು ವಿಶ್ವವಿಜೇತರನ್ನಾಗಿ ಮಾಡಿ ಕಳಂಕ ತೊಳೆದುಕೊಳ್ಳುತ್ತಾನೆ. 'ಸುಡಾನಿ'ಯಲ್ಲಿ ಮಲಪ್ಪುರಂನ ಇಬ್ಬರು ವೃದ್ಧೆಯರು ಗಾಯಗೊಂಡ ಆಫ್ರಿಕದ ಫುಟ್ಬಾಲ್ ಆಟಗಾರನನ್ನು ಸ್ವಂತ ಮಗನಂತೆ ಉಪಚರಿಸುತ್ತಾರೆ.

ಈ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ನಾವು ಒಂದೋ ಅನ್ಯಾಯಕ್ಕೊಳಗಾದವರು, ಇಲ್ಲವೇ ಸದ್ಗುಣಿಗಳು. ಅನ್ಯಾಯ ಮಾಡಿದವರಾಗಿ ನಾವು ಮುನ್ನೆಲೆಗೆ ಬರುವ ಒಂದೇ ಒಂದು ಚಿತ್ರವೂ ನಮ್ಮ ಮೇಜಿನ ಮೇಲೆ ಬರಲಿಲ್ಲ. ಅಂಥ ಚಿತ್ರಗಳಿಲ್ಲವೆಂದು ಇದರ ಅರ್ಥವೇ? ಖಂಡಿತ ಅಲ್ಲ. ಅವು ನಮ್ಮದೇ ನೆಲದಲ್ಲಿ, ನಮ್ಮದೇ ನುಡಿಗಳಲ್ಲಿ ಬಂದಿವೆ. ರಾಷ್ಟ್ರಪ್ರಶಸ್ತಿಗಳನ್ನೂ ಪಡೆದಿವೆ. ಆ ಯುವಕ ಕೇಳಿದ ಪ್ರಶ್ನೆಗೆ ಉತ್ತರ ಅವೇ ಆಗಿದ್ದವು.

ಗಿರೀಶ್ ಕಾಸರವಳ್ಳಿಯವರ 'ಹಸೀನಾ' ತೆರೆಗೆ ಬಂದುದು 2004ರಲ್ಲಿ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ ಅದರ ಆಧಾರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಒಬ್ಬ ಬಡ ಹೆಂಗಸು ಜಮಾಅತಿನ ಮುತವಲ್ಲಿಯ ಬಳಿ ನ್ಯಾಯ ಬೇಡುತ್ತಾಳೆ. ನ್ಯಾಯ ಸಿಗದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂರುತ್ತಾಳೆ. ಆಕೆ ಹೊಸದೇನನ್ನೂ ಕೇಳುವುದಿಲ್ಲ. ಧರ್ಮ ತನಗೆ ಕೊಟ್ಟಿರುವ ಹಕ್ಕನ್ನೇ, ಧರ್ಮದ ಹೆಸರಿನಲ್ಲಿ ಗದ್ದುಗೆಯೇರಿದವರ ಬಳಿ ಕೇಳುತ್ತಾಳೆ. ಆ ಪಾತ್ರಕ್ಕಾಗಿ ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ದೊರಕಿತು. ಆ ಕಥೆಯನ್ನು ಬರೆದ ಲೇಖಕಿ, ಮಸೀದಿಗಳಿಗೆ ಮಹಿಳೆಯರಿಗೆ ಪ್ರವೇಶವಿರಬೇಕೆಂದು ಹೇಳಿದ ಕಾರಣಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರಕ್ಕೆ ಗುರಿಯಾದವರು. ದೀಪಾ ಭಾಸ್ತಿಯವರು ಅನುವಾದಿಸಿದ ಅವರ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ 'ನಮ್ಮ ಬಾನು' ಎಂದು ಹೆಮ್ಮೆಪಟ್ಟೆವು. 'ಕರಿ ನಾಗರಗಳು' ಆ ಸಂಕಲನದಲ್ಲೂ ಇದೆ. ಪ್ರಶಸ್ತಿ ನಮ್ಮದಾಯಿತು, ಕಥೆ ನಮ್ಮದಾಯಿತೇ?

2011ರ 'ಬ್ಯಾರಿ' ಚಿತ್ರವನ್ನು ನೋಡೋಣ. ಕೆ.ಪಿ. ಸುವೀರನ್ ನಿರ್ದೇಶನದ ಈ ಚಿತ್ರ ಬ್ಯಾರಿ ಭಾಷೆಯ ಮೊದಲ ಸಿನಿಮಾ. ಮರಾಠಿಯ 'ದೇವೂಳ್' ಚಿತ್ರದೊಂದಿಗೆ ಆ ವರ್ಷದ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಅದು ಹಂಚಿಕೊಂಡಿತು. ನಾವು ಮನೆಯಲ್ಲಾಡುವ ನುಡಿ ದೆಹಲಿಯಲ್ಲಿ ಗೌರವ ಪಡೆಯಿತೆಂದು ಸಂಭ್ರಮಿಸಿದೆವು. ಆದರೆ ತಲಾಖಿನ ಸುಳಿಗೆ ಸಿಕ್ಕ ಒಬ್ಬ ಎಳೆಯ ಹೆಣ್ಣು ಆ ನುಡಿಯಲ್ಲಿ ಏನು ಹೇಳಿದಳೆಂಬ ಚರ್ಚೆ ನಮ್ಮ ಸಭೆಗಳಲ್ಲಿ ಎಷ್ಟು ನಡೆಯಿತು? ಆ ಕಥೆ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದೆಂದು ಸಾರಾ ಅಬೂಬಕ್ಕರ್ ನ್ಯಾಯಾಲಯದ ಮೆಟ್ಟಿಲೇರಿದರು. ತಂದೆಯ ಹಟಕ್ಕೆ ತಲಾಖ್ ಪಡೆದು ಬಲಿಯಾದ ನಾದಿರಾಳನ್ನು ಅವರು 1980ರ ದಶಕದಲ್ಲೇ ಕನ್ನಡಿಗರ ಮುಂದೆ ನಿಲ್ಲಿಸಿದ್ದರು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಆ ಲೇಖಕಿ 2023ರ ಜನವರಿಯಲ್ಲಿ ನಿಧನರಾದಾಗ ಶ್ರದ್ಧಾಂಜಲಿಗಳು ಧಾರಾಳವಾಗಿ ಬಂದವು. ಬದುಕಿದ್ದಾಗ ಅವರಿಗೆ ನಮ್ಮಿಂದ ಬಂದ ಬೈಗುಳ ಅದಕ್ಕಿಂತ ಕಡಿಮೆಯಿತ್ತೆಂದು ಹೇಳುವ ಧೈರ್ಯ ನಮಗಿಲ್ಲ.

"ನಮ್ಮ ಕೊಳೆಯನ್ನು ಬೀದಿಯಲ್ಲೇಕೆ ತೊಳೆಯಬೇಕು? ಶತ್ರುಗಳಿಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂಥ ಕಥೆಗಳನ್ನು ಕಿತ್ತುಕೊಂಡು ಇಡೀ ಸಮುದಾಯವನ್ನು ಹೀಗಳೆಯಲು ಕಾದಿರುವವರು ಈ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಆದರೆ ಬೀದಿಯಲ್ಲಿ ತೊಳೆಯಬಾರದೆಂದವರು ಮನೆಯೊಳಗಾದರೂ ತೊಳೆದರೇ? 2004ರಲ್ಲಿ ಹಸೀನಾ ಜಮಾಅತಿನ ಬಾಗಿಲು ತಟ್ಟಿದಳು. ಆ ಬಾಗಿಲು ತೆರೆದಿದ್ದರೆ, 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸುವವರೆಗೆ ನಮ್ಮ ಹೆಣ್ಣುಮಕ್ಕಳು ಕಾಯಬೇಕಾಗಿರಲಿಲ್ಲ. 2019ರಲ್ಲಿ ಅದನ್ನು ಅಪರಾಧವೆಂದು ಸಾರುವ ಕಾನೂನು ತಂದು, ಮುಸ್ಲಿಂ ಮಹಿಳೆಯರ ಉದ್ಧಾರಕರೆಂದು ಬೀಗುವ ಅವಕಾಶವೂ ಯಾರಿಗೂ ಸಿಗುತ್ತಿರಲಿಲ್ಲ. ಅಸ್ತ್ರ ಕೊಟ್ಟವರು ಕಥೆ ಬರೆದವರಲ್ಲ, ಬಾಗಿಲು ಮುಚ್ಚಿದವರು.

ಸಿನಿಮಾ ನೋಡುವುದಿಲ್ಲವೆಂದ ಬಂಧುವಿಗೂ ಒಂದು ಮಾತು ಹೇಳಬೇಕು. ಅವರ ಸಂಯಮವನ್ನು ನಾವು ಗೌರವಿಸುತ್ತೇವೆ. ತೆರೆಯ ಮೇಲೆ ಹರಿದುಬರುವುದರಲ್ಲಿ ಬಹುಪಾಲು ಮನೆಮಂದಿಯೊಂದಿಗೆ ಕುಳಿತು ನೋಡುವಂಥದಲ್ಲ ಎಂಬುದೂ ನಿಜ. ಆದರೆ 1976ರಲ್ಲಿ 'ದಿ ಮೆಸೇಜ್' ನಿರ್ಮಿಸಿದ ಮುಸ್ತಫಾ ಅಕ್ಕಾದ್, ಪ್ರವಾದಿಯವರ ರೂಪವನ್ನಾಗಲಿ ಧ್ವನಿಯನ್ನಾಗಲಿ ತೋರಿಸದೆಯೇ ಇಸ್ಲಾಮಿನ ಆರಂಭದ ಕಥೆಯನ್ನು ಜಗತ್ತಿಗೆ ಹೇಳಿದರು. ಇಂಗ್ಲಿಷ್ ಮತ್ತು ಅರಬಿಯಲ್ಲಿ ಬೇರೆಬೇರೆ ಕಲಾವಿದರನ್ನಿಟ್ಟುಕೊಂಡು ಎರಡು ಬಾರಿ ಚಿತ್ರೀಕರಿಸಿದರು. ಅದೇ ಅಕ್ಕಾದ್ 2005ರ ನವೆಂಬರ್‌ನಲ್ಲಿ ಜೋರ್ಡಾನಿನ ಅಮ್ಮಾನ್ ನಗರದ ಹೋಟೆಲೊಂದರಲ್ಲಿ, ಇಸ್ಲಾಮಿನ ಹೆಸರು ಹೇಳಿಕೊಂಡೇ ಬಂದ ಆತ್ಮಾಹುತಿ ಬಾಂಬಿಗೆ ಮಗಳೊಂದಿಗೆ ಬಲಿಯಾದರು. ಕಣ್ಣು ಮುಚ್ಚಿಕೊಂಡರೆ ಸಿನಿಮಾ ನಿಲ್ಲುವುದಿಲ್ಲ. ನಮ್ಮ ಕಥೆಯನ್ನು ನಾವು ಹೇಳದಿದ್ದರೆ ಅದನ್ನು ಇನ್ಯಾರೋ ಹೇಳುತ್ತಾರೆ. ಹೇಗೆ ಹೇಳುತ್ತಾರೆಂಬುದನ್ನು ನಾವು ಕಂಡಿದ್ದೇವೆ.

ಮದುವೆಯಿಂದ ಮರಳಿದ ಬಳಿಕ ನಮಗೆ ಇನ್ನೊಂದು ಲೋಪ ಹೊಳೆಯಿತು. ಆ ಮೇಜಿನಲ್ಲಿದ್ದ ಎಂಟು ಮಂದಿಯೂ ಗಂಡಸರು. ಪಕ್ಕದ ಹಾಲ್‌ನಲ್ಲಿದ್ದ ಹೆಂಗಸರ ಮೆಚ್ಚಿನ ಚಿತ್ರ ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಟುಂಬದ ಹಿರಿಯ ಮಹಿಳೆಯೊಬ್ಬರನ್ನು ಕೇಳಿದೆವು. ಯೌವನದಲ್ಲೇ ಗಂಡನಿಂದ ದೂರವಾಗಿ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಅವರು ಮೊದಲು ನಕ್ಕು, ಈ ವಯಸ್ಸಿನಲ್ಲಿ ನನಗೇಕೆ ಆ ಪ್ರಶ್ನೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಬಹಳ ಹಿಂದೆ ಟಿ.ವಿ.ಯಲ್ಲಿ ನೋಡಿದ 'ಹಸೀನಾ' ನೆನಪಿದೆ ಎಂದರು. ಯಾಕೆಂದು ಕೇಳಿದೆವು. "ಅವಳು ಕೇಳಿದಳು. ನಾನು ಕೇಳಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಅದಕ್ಕಿಂತ ಮಿಗಿಲಾದ ಚಿತ್ರವಿಮರ್ಶೆಯನ್ನು ನಾವು ಓದಿಲ್ಲ.

ಆ ಯುವಕನಿಗೆ ನಾವು ತಡವಾಗಿಯಾದರೂ ಉತ್ತರ ಕೊಟ್ಟಿದ್ದೇವೆ. ವರನ ಮೂಲಕ ತಲುಪಿಸಿದ ಚೀಟಿಯಲ್ಲಿ ಮೊದಲು ಬರೆದ ಹೆಸರು 'ಗುಲಾಬಿ ಟಾಕೀಸ್'. ವೈದೇಹಿಯವರ ಕಥೆಯನ್ನಾಧರಿಸಿ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಈ ಚಿತ್ರ ನಮ್ಮ ಕರಾವಳಿಯ ಮೀನುಗಾರರ ಊರಿನದು, ಕಾರ್ಗಿಲ್ ಯುದ್ಧದ ದಿನಗಳದು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಸೂಲಗಿತ್ತಿ ಗುಲಾಬಿಯನ್ನು ಗಂಡ ಮೂಸಾ ಬಿಟ್ಟು ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಅದು ನಮ್ಮ ಪಾಪ. ಅವಳ ಮನೆಗೆ ಬಣ್ಣದ ಟಿ.ವಿ. ಬಂದಾಗ ಜಾತಿ ಧರ್ಮ ಮರೆತು ಕೇರಿಯ ಹೆಂಗಸರು ಒಂದೇ ಚಾಪೆಯಲ್ಲಿ ಕೂಡುತ್ತಾರೆ. ಬಳಿಕ ಊರಿನಲ್ಲಿ ವಿಷ ಹರಡಿ, ಎಲ್ಲರ ಮಕ್ಕಳನ್ನೂ ತನ್ನ ಕೈಯಲ್ಲಿ ಹಿಡಿದೆತ್ತಿದ ಅವಳನ್ನೇ ದೋಣಿಗೇರಿಸಿ ಊರಾಚೆ ಕಳುಹಿಸುತ್ತಾರೆ. ಅದು ನೆರೆಯವರ ಪಾಪ. ಎರಡನ್ನೂ ಒಂದೇ ತೆರೆಯ ಮೇಲೆ ತೋರಿಸಿದ ಚಿತ್ರ ಅದು. ಆದುದರಿಂದಲೇ ಯಾರ ಮೆಚ್ಚಿನ ಪಟ್ಟಿಯಲ್ಲೂ ಅದು ಕಾಣಿಸುತ್ತಿಲ್ಲವೋ ಏನೋ.

ಮಂಗಳೂರಿನಲ್ಲಿ ಒಂದು ಕಾಲದಲ್ಲಿ ಎಲ್ಲರೂ ಒಂದೇ ಕತ್ತಲಲ್ಲಿ ಕುಳಿತು ಒಂದೇ ಚಿತ್ರಕ್ಕೆ ಅಳುತ್ತಿದ್ದೆವು, ನಗುತ್ತಿದ್ದೆವು. ಆ ಹಳೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದವು. 'ಜ್ಯೋತಿ' ಎಂಬುದು ಇಂದಿನ ಮಕ್ಕಳಿಗೆ ಬಸ್ಸು ನಿಲ್ಲುವ ಜಾಗದ ಹೆಸರು ಮಾತ್ರ. ಈಗ ಪ್ರತಿಯೊಬ್ಬರ ಅಂಗೈಯಲ್ಲಿ ಅವರವರದೇ ತೆರೆ, ಅವರವರದೇ ಭಯ. ಮಾಲುಗಳು ಆ ಹಳೆಯ ಕತ್ತಲನ್ನು ಮರಳಿ ಕೊಡಲಾರವು. ಆದರೆ ಜಮಾಅತಿನ ಸಭಾಂಗಣಗಳು, ಯುವಕ ಮಂಡಲಗಳು, ಕಾಲೇಜುಗಳ ಕೊಠಡಿಗಳು ಇನ್ನೂ ಇವೆ. ವರ್ಷಕ್ಕೊಮ್ಮೆಯಾದರೂ ನೆರೆಯವರನ್ನು ಕರೆದು, ಹೆಂಗಸರಿಗೂ ಸಮನಾದ ಜಾಗ ಕೊಟ್ಟು, ಇಂಥ ಒಂದು ಚಿತ್ರವನ್ನು ಜೊತೆಯಾಗಿ ನೋಡಿ, ಬಳಿಕ ಒಂದು ಗಂಟೆ ಮಾತನಾಡುವುದು ಅಸಾಧ್ಯವೇ? ಅವರ ಮೆಚ್ಚಿನ ಚಿತ್ರವನ್ನು ನಾವೂ ನೋಡಬೇಕು, ಅದರ ಸುಳ್ಳನ್ನು ಸೌಮ್ಯವಾಗಿ ಎತ್ತಿ ಹೇಳಬೇಕು. ಆ ಹಕ್ಕು ನಮಗೆ ದಕ್ಕುವುದು, ನಮ್ಮ ಕುರಿತ ಸತ್ಯವನ್ನು ನಾವು ಅವರ ಪಕ್ಕದಲ್ಲಿ ಕುಳಿತು ನೋಡಬಲ್ಲವರಾದಾಗ.

ಚೀಟಿಗೆ ಉತ್ತರ ಬಂದಿದೆ. ಆತ ಚಿತ್ರ ನೋಡಿದನಂತೆ, ಅಮ್ಮನೊಂದಿಗೆ. ಮುಂದಿನ ಹೆಸರು ಯಾವುದೆಂದು ಕೇಳಿದ್ದಾನೆ.